ಕಂಠಸಂಸ್ಕಾರ

(ಸಂಘದ ವಾರ್ಷಿಕೋತ್ಸವದಲ್ಲಿ ಸಾವರ್ಡೆಯಲ್ಲಿ ಮಾಡಿದ ಉಪನ್ಯಾಸ)



ಈ ಶುಭಸಂದರ್ಭದಲ್ಲಿ ಕನ್ನಡ ಭಾಷೆಯ ವಿಚಾರವಾಗಿ ನಾಲ್ಕು ಮಾತುಗಳನ್ನು ಆಡಬೇಕೆಂದು ಕಾರ್ಯದರ್ಶಿಗಳು ನಮಗೆ ಅಪ್ಪಣೆ ಮಾಡಿದ್ದರು. ಭಾಷೆಯ ಚರಿತ್ರೆ, ಗಡಿಯ ಸಮಸ್ಯೆ, ಮಾತೃಭಾಷೆಯ ಶಿಕ್ಷಣ ಇವುಗಳನ್ನು ಕುರಿತು ಈ ವೇದಿಕೆಯಿಂದ ಬಲ್ಲವರು ಅನೇಕ ಸಲ ಮಾತನಾಡಿದ್ದಾರೆ. ನಾವು ಇಂದು ಆರಿಸಿಕೊಂಡಿರುವ ವಿಷಯ ಅದಕ್ಕಿಂತ ಚಿಕ್ಕದು. ಆದರೆ ಭಾಷೆಗೂ ಹಾಡಿಗೂ ಎರಡಕ್ಕೂ ಮೂಲವಾದುದು. ಅದು ನಮ್ಮ ಮಕ್ಕಳ ಕಂಠ. ಆ ಕಂಠವನ್ನು ಸಂಗೀತದ ಗುರುಗಳ ಕೈಗೆ ಹೇಗೆ ಒಪ್ಪಿಸಬೇಕು, ಒಪ್ಪಿಸಿದ ಮೇಲೆ ಅಲ್ಲಿ ಮೊದಲು ಏನು ನಡೆಯಬೇಕು ಎಂಬುದೇ ಈ ಉಪನ್ಯಾಸದ ವಸ್ತು.

ಇದನ್ನು ಆರಿಸಿಕೊಳ್ಳಲು ಕಾರಣವುಂಟು. ಸಾವರ್ಡೆ, ಕುಡಚಡೆಗಳ ಕನ್ನಡ ಮನೆಗಳಲ್ಲಿ ಈಗ ಮಕ್ಕಳಿಗೆ ಹಾಡು ಕಲಿಸಬೇಕೆಂಬ ಅಪೇಕ್ಷೆ ಬೆಳೆದಿದೆ. ದುಡಿಮೆಗಾಗಿ ಘಟ್ಟವಿಳಿದು ಬಂದ ಸಂಸಾರಗಳು ಹೊಟ್ಟೆಬಟ್ಟೆಗಳ ಚಿಂತೆಯಿಂದ ಸ್ವಲ್ಪ ತಲೆಯೆತ್ತಿ ವಿದ್ಯೆಯ ಕಡೆಗೆ ನೋಡುತ್ತಿರುವುದು ಸಂತೋಷದ ಸಂಗತಿ. ಆದರೆ ಉತ್ಸವಗಳ ವೇದಿಕೆಯಲ್ಲಿ ಎಂಟು ಹತ್ತು ವರ್ಷದ ಮಕ್ಕಳು ಕತ್ತಿನ ನರಗಳನ್ನು ಉಬ್ಬಿಸಿಕೊಂಡು, ಚಲನಚಿತ್ರದ ಗಾಯಕರ ಶ್ರುತಿಯಲ್ಲಿಯೇ ಹಾಡಲು ಹೆಣಗುವುದನ್ನು ನೋಡಿದಾಗ ಸಂತೋಷದೊಡನೆ ಒಂದು ಭಯವೂ ಹುಟ್ಟುತ್ತದೆ. ಸಭೆ ಚಪ್ಪಾಳೆ ತಟ್ಟುತ್ತದೆ. ಮಗು ಮರುದಿನ ಒಡೆದ ದನಿಯಲ್ಲಿ ಶಾಲೆಗೆ ಬರುತ್ತದೆ. ವರ್ಷಗಟ್ಟಲೆ ತರಗತಿಯಲ್ಲಿ ಮಕ್ಕಳ ಓದನ್ನು ಕೇಳುವವರಾದ ನಾವು ಈ ಒಡೆದ ದನಿಯನ್ನು ಬಲ್ಲೆವು.

ನಮ್ಮ ಭಾಷೆಯಲ್ಲಿ ಒಂದು ಸೊಗಸಾದ ಪ್ರಯೋಗವಿದೆ. ಚೆನ್ನಾಗಿ ಹಾಡುವವರನ್ನು ಕಂಡರೆ 'ಒಳ್ಳೆಯ ಶಾರೀರ' ಎನ್ನುತ್ತೇವೆ. ಶರೀರಕ್ಕೆ ಸಂಬಂಧಪಟ್ಟದ್ದು ಶಾರೀರ. ದನಿಯು ಗಾಳಿಯಲ್ಲಿ ತಾನಾಗಿ ಹುಟ್ಟಿದ ಮಾಯೆಯಲ್ಲವೆಂದೂ, ಅದು ದೇಹದ ಒಂದು ಕಾರ್ಯವೆಂದೂ ಈ ಒಂದು ಮಾತಿನಲ್ಲಿಯೇ ನಮ್ಮ ಹಿರಿಯರು ಸೂಚಿಸಿದ್ದಾರೆ. 13ನೆಯ ಶತಮಾನದ ಶಾರ್ಙ್ಗದೇವನ 'ಸಂಗೀತರತ್ನಾಕರ'ವು ನಾದೋತ್ಪತ್ತಿಯನ್ನು ಹೇಳುವ ಮೊದಲು ದೇಹದ ರಚನೆಯನ್ನೇ ವಿವರಿಸುತ್ತದೆ. ಮಂದ್ರಕ್ಕೆ ಎದೆಯನ್ನೂ ಮಧ್ಯಕ್ಕೆ ಕಂಠವನ್ನೂ ತಾರಕ್ಕೆ ಶಿರಸ್ಸನ್ನೂ ಸ್ಥಾನಗಳೆಂದು ಹೇಳುತ್ತದೆ. ಹಾಡುವವನಿಗೆ ಆಯಾ ಸ್ವರದ ಕಂಪನವು ಎಲ್ಲಿ ಅನುಭವಕ್ಕೆ ಬರುತ್ತದೆಯೋ ಅದನ್ನೇ ಶಾಸ್ತ್ರವು ಗುರುತಿಸಿಟ್ಟಿದೆ.

ಇಂದಿನ ಶರೀರಶಾಸ್ತ್ರವು ಇದನ್ನು ಮತ್ತಷ್ಟು ಬಿಡಿಸಿ ತೋರಿಸುತ್ತದೆ. ಶ್ವಾಸಕೋಶದಿಂದ ಮೇಲಕ್ಕೆ ಬರುವ ಉಸಿರು ಗಂಟಲಿನ ಧ್ವನಿಪೆಟ್ಟಿಗೆಯಲ್ಲಿರುವ ಎರಡು ಮೃದುವಾದ ಮಡಿಕೆಗಳ ನಡುವೆ ಹಾದುಹೋಗುವಾಗ ಅವು ಕೂಡಿ ಅಗಲಿ ಕಂಪಿಸುತ್ತವೆ. ಇವನ್ನೇ ಧ್ವನಿತಂತುಗಳೆಂದು ಕರೆಯುತ್ತಾರೆ. ಬೆರಳ ತುದಿಯ ಗೆಣ್ಣಿಗಿಂತ ಉದ್ದವಲ್ಲದ ಈ ಮಡಿಕೆಗಳು ಸಾಧಾರಣ ಮಾತಿನಲ್ಲಿ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರಲ್ಲಿ ಸುಮಾರು 200 ಸಲ, ಮಕ್ಕಳಲ್ಲಿ ಅದಕ್ಕೂ ಹೆಚ್ಚು ಸಲ ಒಂದನ್ನೊಂದು ಮುಟ್ಟಿ ಬಿಡುತ್ತವೆ. ಷಡ್ಜದಿಂದ ತಾರಷಡ್ಜಕ್ಕೆ ಏರಿದರೆ ಈ ಸಂಖ್ಯೆ ಎರಡರಷ್ಟಾಗುತ್ತದೆ. ಮಡಿಕೆಗಳಲ್ಲಿ ಹುಟ್ಟಿದ ಸಣ್ಣ ದನಿಯನ್ನು ಗಂಟಲು, ಬಾಯಿ, ಮೂಗುಗಳ ಟೊಳ್ಳುಗಳು ತಂಬೂರಿಯ ಬುರುಡೆಯಂತೆ ತುಂಬಿಕೊಡುತ್ತವೆ. ಹೀಗೆ ಉಸಿರು, ಮಡಿಕೆ, ಟೊಳ್ಳು ಈ ಮೂರೂ ತಂತಮ್ಮ ಪಾಲಿನ ಕೆಲಸವನ್ನು ಮಾಡಿದರೆ ಹಾಡು ಆಯಾಸವಿಲ್ಲದೆ ಬರುತ್ತದೆ. ಉಸಿರು ಸೋಮಾರಿಯಾಗಿ, ಟೊಳ್ಳು ಮುಚ್ಚಿಕೊಂಡು, ಎಲ್ಲ ಹೊರೆಯೂ ಮಡಿಕೆಗಳ ಮೇಲೆ ಬಿದ್ದಾಗ ಅವು ಊದಿಕೊಳ್ಳುತ್ತವೆ; ಬಹುಕಾಲ ಹಾಗೆಯೇ ನಡೆದರೆ ಅಂಗೈಯಲ್ಲಿ ಗುದ್ದಲಿಯ ಹಿಡಿ ತಾಗಿ ದಡ್ಡುಗಟ್ಟುವಂತೆ ಅಲ್ಲಿಯೂ ಸಣ್ಣ ಗಂಟುಗಳು ಕಟ್ಟುತ್ತವೆ.

ಜೀವಂತ ಮನುಷ್ಯನು ಹಾಡುತ್ತಿರುವಾಗ ಈ ಮಡಿಕೆಗಳ ಆಟವನ್ನು ಕಣ್ಣಾರೆ ನೋಡಿ ಲೋಕಕ್ಕೆ ವಿವರಿಸಿದವನು ವೈದ್ಯನಲ್ಲ, ಸಂಗೀತದ ಮೇಷ್ಟ್ರು ಎಂಬುದನ್ನು ಇಲ್ಲಿ ಹೇಳಬೇಕು. ಮಾನ್ಯುಯೆಲ್ ಗಾರ್ಸಿಯಾ ಎಂಬ ಸ್ಪೇನ್ ದೇಶದ ಗಾಯನಶಿಕ್ಷಕನು 1854ರಲ್ಲಿ ಹಲ್ಲಿನ ವೈದ್ಯರು ಬಳಸುವ ಪುಟ್ಟ ಕನ್ನಡಿಯನ್ನು ತನ್ನ ಗಂಟಲಿನೊಳಕ್ಕೆ ಹಿಡಿದು, ಇನ್ನೊಂದು ಕನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬೀಳಿಸಿ, ತನ್ನದೇ ಧ್ವನಿತಂತುಗಳನ್ನು ಕಂಡನು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಆ ವಿಷಯ ಮಂಡಿತವಾಯಿತು. ಇಂದು ಗಂಟಲಿನ ವೈದ್ಯರು ಮಾಡುವ ಪರೀಕ್ಷೆಗೆ ಅದೇ ಬುನಾದಿ. ತನ್ನ ಶಿಷ್ಯರ ದನಿ ಏಕೆ ಕೆಡುತ್ತದೆ, ಏಕೆ ಒಲಿಯುತ್ತದೆ ಎಂದು ತಿಳಿಯುವ ಹಂಬಲ ಒಬ್ಬ ಪಾಠ ಹೇಳುವವನಲ್ಲಿ ಎಷ್ಟು ಆಳವಾಗಿತ್ತೆಂಬುದಕ್ಕೆ ಇದು ಸಾಕ್ಷಿ.

'ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ' ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಅಭ್ಯಾಸದ ಮಹಿಮೆಯನ್ನು ಹೇಳಲು ಅದನ್ನು ಬಳಸುತ್ತೇವೆ. ಆದರೆ ಅಭ್ಯಾಸವೆಂಬುದು ಎರಡೂ ಕಡೆ ಹರಿಯುವ ನೀರು. ಸರಿಯಾಗಿ ಹಾಡಿದ್ದನ್ನು ನೂರು ಸಲ ಹಾಡಿದರೆ ರಾಗ ಬರುವಂತೆ, ತಪ್ಪಾಗಿ ಹಾಡಿದ್ದನ್ನು ನೂರು ಸಲ ಹಾಡಿದರೆ ರೋಗವೂ ಬರುತ್ತದೆ. ಯಾವುದು ಸರಿ, ಯಾವುದು ತಪ್ಪು ಎಂದು ಮಗುವಿಗೆ ತಾನಾಗಿ ಗೊತ್ತಾಗುವುದಿಲ್ಲ. ಏಕೆಂದರೆ ಹಾಡುವವನ ದನಿ ಅವನಿಗೆ ಹೊರಗಿನ ಗಾಳಿಯಿಂದ ಮಾತ್ರವಲ್ಲದೆ ತಲೆಯ ಎಲುಬುಗಳ ಮೂಲಕವೂ ಕೇಳಿಸುತ್ತದೆ. ಇತರರಿಗೆ ಕೇಳಿಸುವ ದನಿಯೇ ಬೇರೆ, ತನಗೆ ಕೇಳಿಸುವ ದನಿಯೇ ಬೇರೆ. ಆದುದರಿಂದ ಎದುರಿಗೆ ಕುಳಿತು ಕೇಳುವ ಇನ್ನೊಂದು ಕಿವಿ ಬೇಕು. ಆ ಕಿವಿಯೇ ಗುರು. ನಮ್ಮ ಇಂದಿನ ಮಾತಿನ ಸಾರವೆಲ್ಲ ಇಷ್ಟೇ: ಸಂಗೀತದ ಪಾಠಕ್ಕೆ ಮಗುವನ್ನು ಕಳುಹಿಸುವಾಗ ನಾವು ಬಯಸಬೇಕಾದುದು ಎಷ್ಟು ಹಾಡುಗಳನ್ನು ಕಲಿಸಿದರೆಂಬುದನ್ನಲ್ಲ, ಆ ಕಂಠವನ್ನು ಎಷ್ಟು ಗಮನವಿಟ್ಟು ಕೇಳಿದರೆಂಬುದನ್ನು.

ಇದಕ್ಕೆ ದೂರದ ನಿದರ್ಶನಗಳು ಬೇಕಾಗಿಲ್ಲ. ವಾಸ್ಕೋದಿಂದ ಹೊರಟ ರೈಲು ನಿಮ್ಮ ಈ ಸಾವರ್ಡೆ-ಕುಡಚಡೆ ನಿಲ್ದಾಣವನ್ನು ಹಾದು, ಕುಳೆಯಿಂದ ಘಟ್ಟವೇರಿ, ದೂಧಸಾಗರವನ್ನು ಬಳಸಿ, ಕ್ಯಾಸಲ್‌ರಾಕ್, ಲೋಂಡಾ, ಧಾರವಾಡಗಳ ಮೂಲಕ ಹುಬ್ಬಳ್ಳಿಯನ್ನು ಸೇರುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರಿನ ದಾರಿಯಲ್ಲಿ ಸ್ವಲ್ಪ ಮುಂದುವರಿದರೆ ಕುಂದಗೋಳ ಸಿಗುತ್ತದೆ. ಅಲ್ಲಿ ಸವಾಯಿ ಗಂಧರ್ವರೆಂದು ಪ್ರಸಿದ್ಧರಾದ ರಾಮಚಂದ್ರ ಕುಂದಗೋಳಕರರು ಇದ್ದರು. ಇವರು ಹುಟ್ಟಿದ್ದು 1886ರಲ್ಲಿ, ಕಾಲವಾದದ್ದು 1952ರಲ್ಲಿ. ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರಲ್ಲಿ ಇವರು ದೀರ್ಘಕಾಲ ಶಿಷ್ಯವೃತ್ತಿ ಮಾಡಿದರು. ಗುರುಗಳದು ಬೆಣ್ಣೆಯಂತಹ ಕಂಠ. ಶಿಷ್ಯರದು ಹೇಳಿದಂತೆ ಹಗುರವಾಗಿ ತಿರುಗುವ ಕಂಠವಾಗಿರಲಿಲ್ಲವೆಂದೂ, ಬಿಡದ ಸಾಧನೆಯಿಂದ ಅದನ್ನು ಒಲಿಸಿಕೊಂಡರೆಂದೂ ಸಂಗೀತಪ್ರಪಂಚದಲ್ಲಿ ಪ್ರತೀತಿಯಿದೆ. ಕಷ್ಟದಿಂದ ದಾರಿ ಕಂಡುಕೊಂಡವನು ಇತರರಿಗೆ ದಾರಿ ತೋರಿಸಬಲ್ಲನು. ಆ ಕುಂದಗೋಳದ ಮನೆಯಿಂದ ಭೀಮಸೇನ ಜೋಶಿಯವರೂ ಗಂಗೂಬಾಯಿ ಹಾನಗಲ್ ಅವರೂ ಹೊರಬಂದರು. ಒಬ್ಬರ ಕಂಠದಂತೆ ಇನ್ನೊಬ್ಬರದಿಲ್ಲ. ಇಬ್ಬರ ಕಂಠವೂ ಗುರುವಿನಂತಿಲ್ಲ.

ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಮರಳುತ್ತಿದ್ದರು. ಸಂಸಾರದ ಹೊಣೆ ಹೊತ್ತಿದ್ದ ತಾಯಿಯೊಬ್ಬರು ಒಂದು ಪಾಠಕ್ಕಾಗಿ ಹೀಗೆ ರೈಲು ಹತ್ತಿ ಇಳಿಯುತ್ತಿದ್ದರೆಂಬುದನ್ನು ನಾವು ನೆನೆಯಬೇಕು. ಭೀಮಸೇನರು ಗುರುಗೃಹದಲ್ಲಿ ನೀರು ಹೊತ್ತು ಸೇವೆ ಮಾಡುತ್ತ ಕಲಿತವರು. ಅವರಿಗೆ ಆ ವರ್ಷಗಳಲ್ಲಿ ಗುರುಗಳು ಮುಖ್ಯವಾಗಿ ಕಲಿಸಿದ್ದು ತೋಡಿ, ಮುಲ್ತಾನಿ, ಪೂರಿಯಾ ಎಂಬ ಮೂರು ರಾಗಗಳನ್ನು. ಮೂರೇ ರಾಗಗಳಲ್ಲಿ ವರ್ಷಗಳು ಕಳೆದವೆಂದರೆ ಇಂದಿನ ತಂದೆತಾಯಿಗಳು ಗುರುಗಳನ್ನೇ ಬದಲಾಯಿಸಿಯಾರು. ಆದರೆ ಆ ಮೂರು ರಾಗಗಳಲ್ಲಿ ಸಿದ್ಧವಾದದ್ದು ಒಂದು ಕಂಠ. ಅದು ಸಿದ್ಧವಾದ ಮೇಲೆ ಉಳಿದ ರಾಗಗಳಿಗೆ ಬಾಗಿಲು ತೆರೆದೇ ಇತ್ತು.

ಗಂಗೂಬಾಯಿಯವರ ಜೀವನದಲ್ಲಿ ಇನ್ನೊಂದು ಪಾಠವಿದೆ. ತಾರುಣ್ಯದಲ್ಲಿ ಅವರದು ತೆಳುವಾದ ಎತ್ತರದ ದನಿಯಾಗಿತ್ತು. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅದು ತಗ್ಗಿ, ಗಂಭೀರವಾಗಿ, ಗಂಡಸರ ದನಿಯ ಸಮೀಪಕ್ಕೆ ಬಂದಿತು. ಹೆಣ್ಣಿನ ಕಂಠ ಹೀಗಿರಬೇಕೆಂದು ಲೋಕವು ಬಯಸಿದ್ದ ದನಿ ಅದಲ್ಲ. ಹಳೆಯ ದನಿಯನ್ನು ಬಲವಂತದಿಂದ ಮತ್ತೆ ಎಳೆದು ತರಲು ಅವರು ಹೋಗಲಿಲ್ಲ. ಇದ್ದ ದನಿಗೆ ತಕ್ಕ ಶ್ರುತಿಯನ್ನಿಟ್ಟುಕೊಂಡು, ಸ್ವರಸ್ವರವನ್ನೂ ತೂಗಿ ಇಡುವ ಒಂದು ಗಾಂಭೀರ್ಯವನ್ನು ಸಾಧಿಸಿದರು. 2002ರಲ್ಲಿ ಪದ್ಮವಿಭೂಷಣ ಪಡೆದ, 2009ರಲ್ಲಿ ನಮ್ಮನ್ನಗಲಿದ ಆ ತಾಯಿಯ ಹೆಗ್ಗಳಿಕೆಯಿರುವುದು ತನ್ನ ಕಂಠವನ್ನು ತಾನು ಒಪ್ಪಿಕೊಂಡದ್ದರಲ್ಲಿ. ನಮ್ಮ ಹೆಣ್ಣುಮಕ್ಕಳಿಗೆ 'ಇನ್ನೂ ಮೇಲಿನ ಶ್ರುತಿಯಲ್ಲಿ ಹಾಡು' ಎಂದು ಒತ್ತಾಯಿಸುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ಈಗ ರೈಲಿನಿಂದಿಳಿದು ನಿಮ್ಮ ನೆರೆಗೇ ಬರೋಣ. ಸಾಂಗೆ ತಾಲೂಕಿನ ಕುರ್ಡಿ ಎಂಬ ಗ್ರಾಮವು ಸಾಳಾವಲಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋಗಿರುವುದೂ, ಬೇಸಗೆಯಲ್ಲಿ ನೀರಿಳಿದಾಗ ಅದರ ಅವಶೇಷಗಳು ಕಾಣಿಸಿಕೊಳ್ಳುವುದೂ, ಆಗ ಹಳೆಯ ನಿವಾಸಿಗಳು ಅಲ್ಲಿ ಕೂಡುವುದೂ ನಿಮಗೆ ತಿಳಿದಿದೆ. ಆ ಕುರ್ಡಿಯಲ್ಲಿ 1904ರಲ್ಲಿ ಹುಟ್ಟಿದವರು ಗಾನತಪಸ್ವಿನಿಯೆಂದು ಹೆಸರಾದ ಮೋಗೂಬಾಯಿ ಕುರ್ಡೀಕರರು. ಚಿಕ್ಕಂದಿನಲ್ಲಿಯೇ ನಾಟಕ ಕಂಪನಿಯನ್ನು ಸೇರಿ, ತಾಯಿಯನ್ನು ಕಳೆದುಕೊಂಡು, ಸಾಂಗ್ಲಿಯಲ್ಲಿದ್ದಾಗ ಅವರ ಅಭ್ಯಾಸದ ಹಾಡನ್ನು ಕೇಳಿ ಮೆಚ್ಚಿ ತಾವಾಗಿ ಪಾಠ ಆರಂಭಿಸಿದವರು ಅಲ್ಲಾದಿಯಾ ಖಾನರು. ಇಲ್ಲಿಯೂ ಮೊದಲು ನಡೆದದ್ದು ಕೇಳುವ ಕೆಲಸ. ಕಲಿಸುವ ಕೆಲಸ ಆಮೇಲೆ ಬಂದಿತು.

ಈ ಅಲ್ಲಾದಿಯಾ ಖಾನರ ಕಥೆ ಕಂಠದ ವಿಚಾರದಲ್ಲಿ ಎಲ್ಲಕ್ಕಿಂತ ಹೆಚ್ಚಿನದು. ಯೌವನದಲ್ಲಿ ಅವರದು ಬಹಳ ಮಧುರವಾದ ದನಿಯೆಂದು ಪ್ರಸಿದ್ಧಿ. ಆಮಲೇಟಾ ಎಂಬ ಸಂಸ್ಥಾನದ ಅರಸನ ಆಶ್ರಯದಲ್ಲಿದ್ದಾಗ ಮಿತಿಮೀರಿ ಹಾಡಬೇಕಾಗಿ ಬಂದು ಕಂಠ ಒಡೆದುಹೋಯಿತು. ಬಹುಕಾಲ ಹಾಡಲಾಗದೆ ಉಳಿದರು. ದನಿ ಮರಳಿದಾಗ ಹಿಂದಿನ ನಯ ಅದರಲ್ಲಿರಲಿಲ್ಲ. ಹಳೆಯ ರೀತಿಯಲ್ಲಿ ಹಾಡಲು ಒಲ್ಲದ ಆ ಕಂಠಕ್ಕೆ ಒಪ್ಪುವಂತೆ ಅವರು ಲಯದೊಡನೆ ಹೆಣೆದುಕೊಂಡು ಬಳಸಿ ಬಳಸಿ ಸಾಗುವ ಒಂದು ಹೊಸ ಗಾಯಕಿಯನ್ನೇ ನಿರ್ಮಿಸಿದರು. ಇಂದು ಜಯಪುರ-ಅತ್ರೌಲಿ ಘರಾಣೆಯೆಂದು ಹೆಸರಾಗಿರುವುದು ಅದೇ. ಗೋವೆಯ ಕೇರಿಯವರಾದ ಕೇಸರಬಾಯಿ ಕೇರ್ಕರರೂ ಕುರ್ಡಿಯ ಮೋಗೂಬಾಯಿಯವರೂ ಅವರಿಂದ ಕಲಿತರು. ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಅವರ ಮಗನಾದ ಮಂಜೀಖಾನರಲ್ಲಿಯೂ, 1937ರಲ್ಲಿ ಮಂಜೀಖಾನರು ಕಾಲವಾದ ಮೇಲೆ ಅವರ ತಮ್ಮ ಭೂರ್ಜಿಖಾನರಲ್ಲಿಯೂ ಕಲಿತರು. ಗೋವೆಯನ್ನೂ ಕನ್ನಡನಾಡನ್ನೂ ಬೆಸೆದ ಈ ಗಾನಪರಂಪರೆಯ ತಳದಲ್ಲಿ ಒಡೆದು ಮತ್ತೆ ಕೂಡಿದ ಒಂದು ಕಂಠವಿದೆ. ಕೇಸರಬಾಯಿಯವರ ಹಾಡೊಂದು 1977ರಲ್ಲಿ ವಾಯೇಜರ್ ನೌಕೆಯ ಚಿನ್ನದ ತಟ್ಟೆಯ ಮೇಲೆ ಕುಳಿತು ಆಕಾಶಕ್ಕೆ ಹೋಗಿದೆ.

ಮೋಗೂಬಾಯಿಯವರ ಮಗಳು ಕಿಶೋರಿ ಅಮೋಣಕರರ ಕಂಠವೂ ಇಪ್ಪತ್ತೈದರ ಆಸುಪಾಸಿನಲ್ಲಿ ಹೊರಟುಹೋಗಿತ್ತು. ಹಾಡುಗಾರರಿಗೆ ಇದು ಕಣ್ಣು ಹೋದಂತೆ. ಆ ಕಾಲದಲ್ಲಿ ಅವರು ಆಯುರ್ವೇದದ ಚಿಕಿತ್ಸೆ ಪಡೆದು, ಮೌನವಾಗಿದ್ದು, ಹಾಡದೆಯೇ ಮನಸ್ಸಿನಲ್ಲಿ ಸಂಗೀತವನ್ನು ಚಿಂತಿಸಿದರು. ಕಂಠ ಮರಳಿ ಬಂದ ಮೇಲೆ ಅವರ ಗಾಯನದಲ್ಲಿ ಕಂಡ ಆಳವು ಆ ಮೌನದ ಫಲವೆಂದು ಬಲ್ಲವರು ಹೇಳುತ್ತಾರೆ. 2017ರವರೆಗೆ ಬದುಕಿದ್ದ ಅವರು ಕೊನೆಯ ವರ್ಷಗಳಲ್ಲಿಯೂ ಹಾಡುತ್ತಿದ್ದರು. ಗಂಟಲು ಬೇಡವೆಂದಾಗ ನಿಲ್ಲಿಸಬಲ್ಲ ಧೈರ್ಯವೂ ಗಾಯನವಿದ್ಯೆಯ ಒಂದು ಭಾಗ. ಆ ಧೈರ್ಯವನ್ನು ಮಗುವಿಗೆ ಕೊಡಬೇಕಾದವರು ಗುರುಗಳೂ ತಂದೆತಾಯಿಗಳೂ.

ಇಷ್ಟು ಹಿರಿಯರ ಕಥೆಗಳನ್ನು ಹೇಳಿದ್ದು ನಮ್ಮ ಮಕ್ಕಳೆಲ್ಲರೂ ಅವರಂತಾಗಬೇಕೆಂದಲ್ಲ. ಗಣಿಯಲ್ಲಿ, ಅಂಗಡಿಯಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿಯುವವರ ಮಕ್ಕಳು ವಾರಕ್ಕೆರಡು ದಿನ ಹಾಡು ಕಲಿತು, ಜೀವಮಾನವಿಡೀ ಸುಖವಾಗಿ ಹಾಡಿಕೊಂಡರೆ ಅದೇ ದೊಡ್ಡದು. ಅದಕ್ಕಾಗಿ ಪಾಠದ ಮನೆಯಲ್ಲಿ ಏನೇನು ನಡೆಯಬೇಕೆಂಬುದನ್ನು ಸಂಕ್ಷೇಪವಾಗಿ ಅರಿಕೆ ಮಾಡುತ್ತೇವೆ.

ಮೊದಲನೆಯದು ಶ್ರುತಿನಿರ್ಣಯ. ಗುರುಗಳು ತಮ್ಮ ಶ್ರುತಿಗೆ ಮಗುವನ್ನು ಎಳೆಯಬಾರದು. ಮಗುವಿನ ಶ್ರುತಿಗೆ ಪೆಟ್ಟಿಗೆಯನ್ನು ಹೊಂದಿಸಬೇಕು. ಮಂದ್ರಪಂಚಮದಿಂದ ತಾರಗಾಂಧಾರದವರೆಗೆ ಮುಖ ಕಿವಿಚದೆ, ಗಲ್ಲ ಮೇಲೆತ್ತದೆ ಹಾಡಲು ಎಲ್ಲಿ ಸಾಧ್ಯವೋ ಅದೇ ಆ ಮಗುವಿನ ಶ್ರುತಿ. ಆರಂಭದಲ್ಲಿ ಅಷ್ಟು ವಿಸ್ತಾರ ಇಲ್ಲದಿದ್ದರೆ ಇದ್ದಷ್ಟರಲ್ಲಿಯೇ ಸಾಗಬೇಕು. ಹತ್ತು ಮಕ್ಕಳನ್ನು ಒಟ್ಟಿಗೆ ಕೂರಿಸಿ ಒಂದೇ ಶ್ರುತಿಯಲ್ಲಿ ಹಾಡಿಸಿದಾಗ ಈ ಕೆಲಸ ನಡೆಯುವುದಿಲ್ಲ. ಕೆಲವು ನಿಮಿಷಗಳಾದರೂ ಪ್ರತಿಯೊಂದು ಮಗುವೂ ಒಂಟಿಯಾಗಿ ಗುರುವಿನ ಮುಂದೆ ಹಾಡಬೇಕು. ಬೇರೆಯಾಗಿ ಪಾಠ ಹೇಳಿಸಿಕೊಳ್ಳುವುದರ ಪ್ರಯೋಜನ ಮುಖ್ಯವಾಗಿ ಇದೇ.

ಎರಡನೆಯದು ಉಸಿರು. ಬೆನ್ನು ನೆಟ್ಟಗೆ, ಭುಜ ಸಡಿಲವಾಗಿ ಕುಳಿತು ಉಸಿರೆಳೆದಾಗ ಎದೆಗೂ ಹೊಟ್ಟೆಗೂ ನಡುವಿನ ವಪೆಯು ಕೆಳಗಿಳಿದು ಹೊಟ್ಟೆ ಸ್ವಲ್ಪ ಮುಂದಕ್ಕೆ ಬರುತ್ತದೆ. ಭುಜ ಮೇಲೇರಿದರೆ ಉಸಿರು ಮೇಲೆಯೇ ನಿಂತಿತೆಂದು ತಿಳಿಯಬೇಕು. ಮಲಗಿದ ಹಸುಗೂಸು ಉಸಿರಾಡುವುದನ್ನು ನೋಡಿದರೆ ಇದಕ್ಕೆ ಬೇರೆ ಪಾಠ ಬೇಡ. ಒಂದು ಸ್ವರವನ್ನು ಹಿಡಿದು ಉಸಿರನ್ನು ಸಮನಾಗಿ, ಜಿಪುಣನು ಹಣ ಬಿಡುವಂತೆ ಬಿಡುವುದನ್ನು ಕಲಿತರೆ ಗಂಟಲಿನ ಹೊರೆ ಅರ್ಧ ಕಡಮೆಯಾಗುತ್ತದೆ.

ಮೂರನೆಯದು ಕ್ರಮ. ಕರ್ನಾಟಕ ಪದ್ಧತಿಯಲ್ಲಿ ಸರಳೆ, ಜಂಟಿ, ಅಲಂಕಾರಗಳೆಂದು ಮೆಟ್ಟಿಲು ಕಟ್ಟಿಕೊಟ್ಟವರು ಪುರಂದರದಾಸರೆಂದು ಸಂಪ್ರದಾಯವು ನಂಬಿದೆ. ಒಂದೇ ಪಾಠವನ್ನು ಮೂರು ಕಾಲಗಳಲ್ಲಿ ಹಾಡಿಸುವ ಆ ಕ್ರಮ ಕಂಠಕ್ಕೆ ಒಂದು ವ್ಯಾಯಾಮ. ಹಿಂದುಸ್ತಾನಿ ಪದ್ಧತಿಯಲ್ಲಿ ಬೆಳಗಿನ ಜಾವದ ಖರ್ಜಸಾಧನೆಯೂ ಅಂತಹುದೇ. ಕೆಳಗಿನ ಸ್ವರಗಳಲ್ಲಿ ಮೆಲ್ಲಗೆ ನಿಂತು ಮಡಿಕೆಗಳನ್ನು ಸಡಿಲಗೊಳಿಸಿ ಆಮೇಲೆ ಮೇಲಕ್ಕೇರುವುದು ಎರಡೂ ಪದ್ಧತಿಗಳ ಹಿರಿಯರು ಕಂಡುಕೊಂಡ ದಾರಿ. ಆದರೆ ಮಂದ್ರವನ್ನೂ ಒತ್ತಿ ಹಿಂಡಬಾರದು. ಕಳ್ಳದನಿಯಲ್ಲಿ ಮೇಲಕ್ಕೆ ಜಾರುವುದೂ ಬೇಡ, ಕೂಗಿ ಮೇಲಕ್ಕೆ ನೆಗೆಯುವುದೂ ಬೇಡ. ಬಂದಷ್ಟೇ ಬರಲಿ, ತೆರೆದ ದನಿಯಲ್ಲಿ ಬರಲಿ. ಮೊದಮೊದಲು ಹದಿನೈದು ಇಪ್ಪತ್ತು ನಿಮಿಷಗಳಂತೆ ದಿನಕ್ಕೆರಡು ಸಲ ಸಾಕು. ಭಾನುವಾರ ಒಂದೇ ದಿನ ಮೂರು ಗಂಟೆ ಹಾಡುವುದಕ್ಕಿಂತ ಇದು ಮೇಲು.

ನಾಲ್ಕನೆಯದು ವಯಸ್ಸಿನ ವಿಚಾರ. ಹನ್ನೆರಡರಿಂದ ಹದಿನೈದರ ನಡುವೆ ಹುಡುಗರ ಧ್ವನಿಪೆಟ್ಟಿಗೆ ಬೆಳೆದು ದನಿ ಒಡೆಯುತ್ತದೆ. ಹುಡುಗಿಯರಲ್ಲಿಯೂ ಈ ಬದಲಾವಣೆ ಸಣ್ಣ ಪ್ರಮಾಣದಲ್ಲಿ ಉಂಟು. ಆಗ ಹಾಡನ್ನು ಪೂರ್ತಿ ನಿಲ್ಲಿಸಬೇಕಾಗಿಲ್ಲ. ಶ್ರುತಿಯನ್ನು ತಗ್ಗಿಸಿ, ಕಾಲವನ್ನು ಕಡಮೆ ಮಾಡಿ, ತಾಳ, ಸ್ವರಜ್ಞಾನ, ಕೇಳ್ಮೆಗಳ ಕಡೆಗೆ ಗಮನವಿಡಬಹುದು. 'ನಿನ್ನ ಕಂಠ ಕೆಟ್ಟುಹೋಯಿತು' ಎಂದು ಹಂಗಿಸಿ ಹುಡುಗನನ್ನು ಪಾಠದಿಂದ ಬಿಡಿಸುವುದು ದೊಡ್ಡ ಅನ್ಯಾಯ. ಅಂತಹ ಮಾತಿನಿಂದ ಹಾಡನ್ನು ಬಿಟ್ಟು ಮತ್ತೆ ಬಾಯಿ ತೆರೆಯದ ಹುಡುಗರನ್ನು ಎಲ್ಲ ಶಾಲೆಗಳಲ್ಲಿಯೂ ಕಾಣಬಹುದು.

ಐದನೆಯದು ನಿತ್ಯದ ಪಥ್ಯ. ಗಂಟಲಿಗೆಂದು ಮೆಣಸು, ಜೇನು, ಜ್ಯೇಷ್ಠಮಧುಗಳನ್ನು ಸೇವಿಸುವುದು ನಮ್ಮಲ್ಲಿ ರೂಢಿ. ಅವು ಬಾಯಿಗೂ ಗಂಟಲಿಗೂ ಹಿತವನ್ನುಂಟುಮಾಡುತ್ತವೆ. ಆದರೆ ನುಂಗಿದ ಯಾವುದೂ ಧ್ವನಿತಂತುಗಳನ್ನು ನೇರವಾಗಿ ಮುಟ್ಟುವುದಿಲ್ಲ. ಅದು ಅನ್ನದ ದಾರಿಯಲ್ಲಿ ಇಳಿಯುತ್ತದೆ, ತಂತುಗಳಿರುವುದು ಉಸಿರಿನ ದಾರಿಯಲ್ಲಿ. ಆದುದರಿಂದ ಹಾಡುವ ಗಳಿಗೆಯಲ್ಲಿ ಒಂದು ಗುಟುಕು ಕುಡಿದರೆ ಸಾಲದು. ದಿನವಿಡೀ ಸಾಕಷ್ಟು ನೀರು ಕುಡಿದರೆ ಅದು ಮೈಯ ಮೂಲಕ ತಂತುಗಳನ್ನು ತಲುಪುತ್ತದೆ. ಪದೇಪದೇ ಕ್ಯಾಕರಿಸುವುದರಿಂದ ಮಡಿಕೆಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ. ರಾತ್ರಿ ಹೊತ್ತುಮೀರಿ ಉಂಡು ಕೂಡಲೆ ಮಲಗಿದರೆ ಹುಳಿತೇಗು ಮೇಲೇರಿ ಗಂಟಲನ್ನು ಸುಡುತ್ತದೆ. ಬೀಡಿ, ಸಿಗರೇಟುಗಳ ಹೊಗೆ ಸೇದುವವನಿಗೆ ಮಾತ್ರವಲ್ಲ, ಪಕ್ಕದಲ್ಲಿ ಕುಳಿತು ಹಾಡುವ ಮಗುವಿಗೂ ಕೇಡು. ಈ ಪ್ರದೇಶದ ಧೂಳಿನ ವಿಚಾರವನ್ನು ನಿಮಗೆ ಹೇಳಬೇಕಾಗಿಲ್ಲ. 2012ರಲ್ಲಿ ಗಣಿಗಾರಿಕೆ ನಿಲ್ಲುವುದಕ್ಕೆ ಮುಂಚೆ ಅದಿರಿನ ಲಾರಿಗಳ ಸಾಲು ಎಬ್ಬಿಸುತ್ತಿದ್ದ ಕೆಂಧೂಳನ್ನು ಕಂಡವರು ಇಲ್ಲಿ ಬಹಳ ಮಂದಿ ಇದ್ದಾರೆ. ರಸ್ತೆಯ ಮಗ್ಗುಲಿನ ಮನೆಗಳಲ್ಲಿ ಅಭ್ಯಾಸಕ್ಕೆ ಹಿಂದಿನ ಕೋಣೆಯನ್ನೂ ಬೆಳಗಿನ ಹೊತ್ತನ್ನೂ ಆರಿಸಿಕೊಳ್ಳುವುದು ಲೇಸು.

ನೆಗಡಿಯಾಗಿ ದನಿ ಕಟ್ಟಿದಾಗ ಹಾಡಬಾರದು. ಪಿಸುಗುಟ್ಟಿ ಮಾತನಾಡುವುದೂ ವಿಶ್ರಾಂತಿಯಲ್ಲ, ಮೌನವೇ ವಿಶ್ರಾಂತಿ. ದನಿ ಒಡೆದು ಮೂರು ವಾರ ಕಳೆದರೂ ಸರಿಹೋಗದಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಬೇಕು. ಹಾಡುವಾಗ ನೋವಾದರೆ ಅದನ್ನು ಸಾಧನೆಯ ಗುರುತೆಂದು ತಿಳಿಯುವುದು ತಪ್ಪು. ಕಾಲಿಗೆ ಮುಳ್ಳು ಚುಚ್ಚಿದಾಗ ನಡಿಗೆ ನಿಲ್ಲಿಸುವ ನಾವು ಗಂಟಲಿನ ಮುಳ್ಳನ್ನು ಮಾತ್ರ ಏಕೆ ಕಡೆಗಣಿಸಬೇಕು? ಇದು ಹಾಡುವವರಿಗೆ ಮಾತ್ರ ಸಂಬಂಧಪಟ್ಟದ್ದಲ್ಲ. ತರಗತಿಯಲ್ಲಿ ಕೂಗುವ ಉಪಾಧ್ಯಾಯರು, ಸಂತೆಯಲ್ಲಿ ಕೂಗಿ ಮಾರುವವರು, ಬಸ್ಸಿನ ಕಂಡಕ್ಟರರು ಎಲ್ಲರೂ ಕಂಠದಿಂದಲೇ ಅನ್ನ ಉಣ್ಣುವವರು. ನಮ್ಮ ವೃತ್ತಿಬಾಂಧವರಲ್ಲಿ ಐವತ್ತು ತುಂಬುವುದರೊಳಗೆ ದನಿ ಕಳೆದುಕೊಂಡವರನ್ನು ನಾವು ಕಂಡಿದ್ದೇವೆ. ಉಸಿರಿನ ಆಧಾರದಿಂದ ಮಾತನಾಡುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಇನ್ನು ಗುರುಗಳನ್ನು ಆರಿಸುವ ಮಾತು. ದೊಡ್ಡ ಬಿರುದು, ದೊಡ್ಡ ಸಂಬಳ ಇವು ಗುರುತಲ್ಲ. ಮಗು ಹಾಡುವಾಗ ಅವರು ಸುಮ್ಮನಿದ್ದು ಕೇಳುತ್ತಾರೆಯೇ? ತಪ್ಪಿದಾಗ ಎಲ್ಲಿ ತಪ್ಪಿತೆಂದು ಹೇಳಿ, ತಾವು ಹಾಡಿ ತೋರಿಸುತ್ತಾರೆಯೇ? ದನಿ ಕಟ್ಟಿದ ದಿನ 'ಇಂದು ಹಾಡಬೇಡ, ಕೇಳು' ಎನ್ನುತ್ತಾರೆಯೇ? ಈ ಮೂರು ಪ್ರಶ್ನೆಗಳಿಗೆ ಹೌದೆಂಬ ಉತ್ತರ ಬಂದರೆ ಆ ಮನೆಯ ಹೊಸ್ತಿಲನ್ನು ಬಿಡಬೇಡಿರಿ. ಅವರು ಮರಾಠಿಯವರೋ ಕೊಂಕಣಿಯವರೋ ಕನ್ನಡದವರೋ ಎಂದು ಎಣಿಸಲೂ ಬೇಡಿರಿ. ಮುಸಲ್ಮಾನ ಗುರುಗಳಿಂದ ಕುಂದಗೋಳದ ಬ್ರಾಹ್ಮಣ ಹುಡುಗನೂ ಮನ್ಸೂರಿನ ಲಿಂಗಾಯತ ಹುಡುಗನೂ ಕುರ್ಡಿಯ ಕೊಂಕಣಿ ಹುಡುಗಿಯೂ ಕಲಿತ ನೆಲ ಇದು. ಈಗ ದೂರದಲ್ಲಿರುವ ಗುರುಗಳು ದೂರವಾಣಿಯ ತೆರೆಯ ಮೇಲೆ ಕಾಣಿಸಿಕೊಂಡು ಪಾಠ ಹೇಳುವ ಅನುಕೂಲವೂ ಬಂದಿದೆ. ಹತ್ತಿರದಲ್ಲಿ ಗುರುಗಳು ಸಿಕ್ಕದವರಿಗೆ ಅದು ಉಪಕಾರವೇ ಸರಿ. ಆದರೂ ಮಗುವಿನ ಭುಜ ಏರುವುದನ್ನೂ ದವಡೆ ಬಿಗಿಯುವುದನ್ನೂ ಕಾಣಲು ಎದುರಿಗೆ ಕುಳಿತ ಕಣ್ಣಿಗೆ ಸಮನಾದುದಿಲ್ಲ. ತಿಂಗಳಿಗೊಮ್ಮೆಯಾದರೂ ಅಂತಹ ಪಾಠ ದೊರೆಯುವಂತೆ ಏರ್ಪಾಡು ಮಾಡಿಕೊಳ್ಳಬೇಕು. ಪರೀಕ್ಷೆಗಳೂ ಬೇಡವೆನ್ನೆವು; ಆದರೆ ಪರೀಕ್ಷೆಗಾಗಿ ಕಂಠವನ್ನು ಅವಸರಪಡಿಸುವುದು ಕಾಯಿಯನ್ನು ಹಿಸುಕಿ ಹಣ್ಣು ಮಾಡಿದಂತೆ.

ಕೊನೆಯದಾಗಿ ಸಂಘದ ಹಿರಿಯರಲ್ಲಿ ನಮ್ಮದೊಂದು ವಿಜ್ಞಾಪನೆ. ಉತ್ಸವದ ದಿನ ಧ್ವನಿವರ್ಧಕಗಳಿಗೂ ಶಾಮಿಯಾನಕ್ಕೂ ಸಲ್ಲುವ ಹಣದಲ್ಲಿ ಒಂದು ಪಾಲನ್ನು ಉಳಿಸಿ, ನಮ್ಮ ಗಡಿಯ ಮೀರಜಿನಲ್ಲಿ ತಲೆಮಾರುಗಳಿಂದ ತಂಬೂರಿ ಮಾಡುವ ಕಸುಬುದಾರರಿಂದ ಒಂದು ಜೊತೆ ತಂಬೂರಿಗಳನ್ನು ತರಿಸಿರಿ. ವಾರಕ್ಕೆರಡು ಸಂಜೆ ಒಂದು ಕೋಣೆಯನ್ನು ಬಿಟ್ಟುಕೊಡಿರಿ. ಒಬ್ಬ ಗುರುಗಳನ್ನು ಗೌರವಧನ ಕೊಟ್ಟು ಕರೆಸಿರಿ. ಸಂಬಳ ಕೊಡಲಾರದ ಮನೆಯ ಮಕ್ಕಳಿಗೆ ಸಂಘವೇ ಸಂಬಳ ಕೊಡಲಿ. ಬರುವ ವರ್ಷದ ಉತ್ಸವದಲ್ಲಿ ಆ ಮಕ್ಕಳನ್ನು ಅವರವರ ಶ್ರುತಿಯಲ್ಲಿ, ಒಂದೊಂದೇ ಪುಟ್ಟ ಹಾಡನ್ನು ಮೆಲ್ಲಗೆ ಹಾಡಲು ಬಿಡಿರಿ. ಧ್ವನಿವರ್ಧಕ ತಗ್ಗಿದ ದನಿಯನ್ನು ಎತ್ತರಿಸಬಲ್ಲದು. ಒಡೆದ ದನಿಯನ್ನು ಕೂಡಿಸಲಾರದು.

ಇಲ್ಲಿಯ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಮರಾಠಿಯನ್ನೋ ಇಂಗ್ಲಿಷನ್ನೋ ಆಡಿ ಬೆಳೆಯುತ್ತಿದ್ದಾರೆ. ಅವರಲ್ಲಿ ಕೆಲವರಿಗೆ ಕನ್ನಡದ ಅಕ್ಷರ ಓದಲು ಬಾರದು. ಆದರೆ ಅಜ್ಜಿ ಹಾಡಿದ ದೇವರನಾಮವೋ ಬೀಸುವ ಕಲ್ಲಿನ ಪದವೋ ಅವರ ಕಿವಿಯಲ್ಲಿ ಉಳಿದಿದೆ. ಅಂತಹ ಮಗುವಿಗೆ ಕನ್ನಡವು ಮೊದಲು ಹಾಡಾಗಿಯೇ ದೊರೆಯುತ್ತದೆ. ಅದನ್ನು ಹಿಡಿದಿಡುವುದು ಆ ಮಗುವಿನ ಕಂಠ. ಕಂಠವನ್ನು ಕಾಪಾಡಿದರೆ ಹಾಡು ಉಳಿದೀತು, ಹಾಡು ಉಳಿದರೆ ನುಡಿಯೂ ಉಳಿದೀತು ಎಂಬ ನಂಬಿಕೆಯಿಂದ ಈ ನಾಲ್ಕು ಮಾತುಗಳನ್ನು ನಿಮ್ಮ ಮುಂದಿಟ್ಟಿದ್ದೇವೆ.